ಪಂಚಮಿಗೆ ಬರಬೇಕಾಗಿದ್ದ ಆಟ

ಆಟ ಮುಂದಕ್ಕೆ ಹೋಯಿತು ಎಂಬ ಸುದ್ದಿ ಬಂದಾಗ ನಾನು ಉಂಡಿ ಕಟ್ಟಲು ಶೇಂಗಾ ಹುರಿಯುತ್ತಿದ್ದೆ. ಹೀಗೆ ಬರೆದ ಕೂಡಲೇ ಒಂದು ಚಿತ್ರ ಸಿದ್ಧವಾಗುತ್ತದೆ: ಒಲೆ, ಬಾಣಲೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು, ಕರಕಲು ವಾಸನೆ. ಈ ಚಿತ್ರವನ್ನು ನಾನೇ ನಂಬುವುದಿಲ್ಲ. ಶೇಂಗಾ ಹಿಂದಿನ ದಿನವೇ ಹುರಿದಾಗಿತ್ತು, ನೀನು ಆಗ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇರಬಹುದು. ಸಿಟ್ಟು ಬಂದದ್ದು ಮಾತ್ರ ನಿಜ, ಯಾಕೆಂದರೆ ಅದು ಇನ್ನೂ ಇಳಿದಿಲ್ಲ.

ಫೋನ್ ಮಾಡಿದವನು ನನ್ನ ತಮ್ಮ. ಅವನಿರುವುದು ಬೈಲಹೊಂಗಲದಲ್ಲಿ, ನಮ್ಮ ತವರುಮನೆಯಲ್ಲಿ. ನಾನಿರುವುದು ರಾಮದುರ್ಗದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಮಗಳು ಓದಲಿಕ್ಕೆಂದು ಊರು ಬಿಡುವಷ್ಟು ಕಾಲವಾಗಿದೆ.

"ಅಕ್ಕಾ, ನೋಡಿದೇನ? ಮುಂದಕ್ಕ ಹಾಕ್ಯಾರ."

"ಏನ ಮುಂದಕ್ಕ ಹಾಕ್ಯಾರ?"

"ನಮ್ಮ ಆಟಾ, ಆ ವಿಡಿಯೋ ಗೇಮು. ಈ ವರ್ಷ ಕಡೀಕ ಬರತೈತಂತ. ಇನ್ನೂ ಛಂದ ಮಾಡಬೇಕಂತ."

"ಛಂದ ಐತಲ್ಲೋ! ಇನ್ನೇನ ಛಂದ ಮಾಡ್ತಾರ?"

"ನನ್ನ ಕೇಳಿದ್ರ ಏನ ಹೇಳ್ಲಿ, ನಾ ಏನ ಮಾಡಾಕ್ಹತ್ತೇನೇನ ಅದನ್ನ?" ಅಂದ. "ಹಂಗಾರ ನೀ ಈಗ ಬರೂದ ಬ್ಯಾಡ ಬಿಡು. ಆಟ ಬಂದ ಮ್ಯಾಲ ಬರಾಕಂತ. ನಾನ ಕರಿಯಾಕ ಬರತೇನಿ."

"ಪಂಚಮೀಗೆ?"

"ಪಂಚಮಿ ವರ್ಷಾ ಬರತೈತಿ ತಗೊಳಕ್ಕ."

ಫೋನು ಇಟ್ಟ. ಅಥವಾ ನಾನು ಇಟ್ಟೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ ಎನ್ನುವುದು ನಮ್ಮ ಕಡೆ ಅರ್ಧ ಮಾತು. ಅವರಾಗಿಯೇ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಬರಬೇಕು. ಬಂದು ಪಡಸಾಲೆಯಲ್ಲಿ ಕೂರಬೇಕು, ಚಹಾ ಕುಡಿಯಬೇಕು, ಮಳೆ ಬೆಳೆ ಮಾತಾಡಬೇಕು, ಆಮೇಲೆ ಏನೋ ಈಗ ನೆನಪಾದವನ ಹಾಗೆ "ಅಕ್ಕನ್ನ ಕಳಸ್ರಿ" ಅನ್ನಬೇಕು. ಅತ್ತೆ "ಈಗ ಹೆಂಗಪಾ, ಮನ್ಯಾಗ ಕೆಲಸ ಭಾಳ ಐತಿ" ಎಂದು ಒಮ್ಮೆ ಇಲ್ಲವೆನ್ನಬೇಕು. ಅವನು ಮತ್ತೊಮ್ಮೆ ಕೇಳಬೇಕು. ಅಷ್ಟರಲ್ಲಿ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿರುತ್ತದೆ. ಅದು ಮೂವರಿಗೂ ಗೊತ್ತಿರುತ್ತದೆ. ಇದೆಲ್ಲ ನಾಟಕ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ನಾಟಕ ನಿಂತ ಮೇಲೆ ನಗು ಬರಲಿಲ್ಲ.

ಅವ್ವ ತೀರಿಹೋದ ವರ್ಷ ಹಬ್ಬವಿರಲಿಲ್ಲ. ಮರುವರ್ಷ ತಮ್ಮ ಗಾಡಿ ಕಳಿಸಿದ, ತಾನು ಬರಲಿಲ್ಲ. ಅದರ ಮರುವರ್ಷ ಫೋನಿನಲ್ಲಿ, "ಬಸ್ಸಿಗೆ ಬಾರಕ್ಕ, ಹೆಂಗೂ ನಿಮಗ ಪುಕ್ಕಟ ಐತಿ" ಅಂದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದಕ್ಕೆ ನನಗೆ ಸಂತೋಷವೇ. ಆದರೆ ಅದು ನನ್ನ ತಮ್ಮನ ಬದಲಿಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆ ವರ್ಷ ನಾನು ಹೋಗಲಿಲ್ಲ. ಗಾಡಿ ಮೊದಲೋ ಬಸ್ಸಿನ ಮಾತು ಮೊದಲೋ ಎಂದು ಈಗ ಅನುಮಾನ ಬರುತ್ತಿದೆ. ಹಿಂದುಮುಂದಾಗಿದ್ದರೂ ಸಿಟ್ಟಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಹೀಗಿರುವಾಗ, ಕಳೆದ ಚಳಿಗಾಲದಲ್ಲಿ, ಅವನು ಆ ಹೊಸ ವಿಡಿಯೋ ಗೇಮಿನ ಟ್ರೇಲರ್ ಕಳಿಸಿದ. ಕೆಳಗೆ ಬರೆದಿದ್ದ: "ಅಕ್ಕಾ, ಇದು ಶ್ರಾವಣದಾಗ ಬರತೈತಿ. ಇಬ್ಬರೂ ಕೂಡೇ ಆಡೂದು. ಒಬ್ಬರು ಸಾಯೂತನಾ ಇನ್ನೊಬ್ಬರು ಕಾಯೂದಿಲ್ಲ. ಪಂಚಮೀಗೆ ನಾ ಕರಿಯಾಕ ಬರತೇನಿ. ಅಲ್ಲೀತನಾ ನಾನೂ ಹಚ್ಚೂದಿಲ್ಲ."

ಸಾಯುವ ಮಾತಿಗೆ ವಿವರಣೆ ಬೇಕು. ನಾವು ಶಾಲೆಗೆ ಹೋಗುತ್ತಿದ್ದಾಗ ಮನೆಗೆ ಒಂದು ವಿಡಿಯೋ ಗೇಮ್ ಬಂದಿತ್ತು, ಟಿವಿಗೆ ಜೋಡಿಸುವಂಥದು, ಹಳದಿ ಕ್ಯಾಸೆಟ್ಟಿನದು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಜಿಗಿಯುತ್ತ ಹೋಗುವ ಆಟ. ಇಬ್ಬರಿಗೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಇಬ್ಬರೂ ಒಟ್ಟಿಗೆ ಆಡುವಂತಿರಲಿಲ್ಲ. ಮೊದಲನೆಯವರು ಹಳ್ಳಕ್ಕೆ ಬಿದ್ದು ಸತ್ತರೆ ಎರಡನೆಯವರ ಪಾಳಿ. ಗಂಡುಹುಡುಗನೆಂದು ಮೊದಲ ಪಾಳಿ ಅವನಿಗೆ. ನಾನು ಪಕ್ಕದಲ್ಲಿ ಕೂತು "ಸಾಯಲೇ, ಲಗೂ ಸಾಯಿ" ಎಂದು ಜಪಿಸುತ್ತಿದ್ದೆ. ಒಂದು ಪಂಚಮಿಯ ದಿನ, ಮನೆ ತುಂಬ ಬೀಗರು, ನನ್ನ ಜಪ ಅವ್ವನ ಕಿವಿಗೆ ಬಿತ್ತು. ಬೆನ್ನ ಮೇಲೆ ಬಿದ್ದ ಪೆಟ್ಟಿನ ಸದ್ದಿಗೆ ತಮ್ಮ ಬೆಚ್ಚಿ ಹಳ್ಳಕ್ಕೆ ಬಿದ್ದ. ನನ್ನ ಪಾಳಿ ಬಂತು. ಅಳುತ್ತಲೇ ಆಡಿದೆ.

ತಮ್ಮ ಹೇಳುವುದೇ ಬೇರೆ. ಮೊದಲ ಪಾಳಿ ಯಾವಾಗಲೂ ನಿನ್ನದೇ ಇತ್ತು, ಪೆಟ್ಟು ತಿಂದವನು ನಾನು ಅನ್ನುತ್ತಾನೆ. ತೀರ್ಪು ಹೇಳಬೇಕಾದವಳು ಈಗಿಲ್ಲ.

ಒಂದು ವಿಷಯದಲ್ಲಿ ಇಬ್ಬರ ಮಾತೂ ಒಂದೇ. ಆ ಆಟದಲ್ಲಿ ಪರದೆ ಬಲಕ್ಕಷ್ಟೇ ಸರಿಯುತ್ತಿತ್ತು. ದಾಟಿ ಬಂದ ಕಟ್ಟೆಗೆ ಮರಳಿ ಹೋಗುತ್ತೇನೆಂದರೆ ಕಾಣದ ಗೋಡೆಯೊಂದು ತಡೆಯುತ್ತಿತ್ತು. ನಾನು ಆ ಗೋಡೆಗೆ ಹಣೆ ಹಚ್ಚಿದಂತೆ ನಿಂತು ಎಡಗುಂಡಿ ಒತ್ತುತ್ತಲೇ ಇರುತ್ತಿದ್ದೆ. "ಹಿಂದ ಏನೈತಕ್ಕ? ರೊಕ್ಕಾ ಎಲ್ಲಾ ಬಳಕೊಂಡ ಬಂದೇವಿ" ಎಂದು ಅವನು ಕಿರುಚುತ್ತಿದ್ದ. ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಕೂಡ ನೋಡಲು ಬಿಡದ ಆ ಯಂತ್ರದ ಮೇಲೆ ನನಗೆ ಬಂದ ಸಿಟ್ಟು ನನ್ನ ಮೊದಲ ಸ್ವಂತ ಸಿಟ್ಟು. ಅದಕ್ಕೂ ಮುಂಚಿನವು ಅವ್ವನಿಂದ ಬಂದವು.

ಹೊಸ ಆಟದ ಟ್ರೇಲರ್‌ನಲ್ಲಿ ಗೋಡೆಯಿಲ್ಲ. ಇಬ್ಬರು ಪುಟ್ಟ ಮನುಷ್ಯರು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಸುತ್ತ ದೊಡ್ಡ ಬಯಲು, ಬಂಡೆ, ಪಾಳುಬಿದ್ದ ಕೋಟೆ, ನೀರು, ಗುಡ್ಡ. ಇಲ್ಲಿಂದ ಶುರು ಇಲ್ಲಿಗೆ ಮುಗಿಯಿತು ಎಂಬ ಬಾವುಟವಿಲ್ಲ, ಇಳಿಯುತ್ತಿರುವ ಗಡಿಯಾರವಿಲ್ಲ, ಈ ಕಡೆ ಹೋಗು ಎನ್ನುವ ಬಾಣವಿಲ್ಲ. ಕಣ್ಣಿಗೆ ಕಂಡಲ್ಲಿಗೆ ಕಾಲು ಹೋಗುತ್ತದೆ. ಒಬ್ಬರು ಜಿಗಿದು ತಪ್ಪಿದರೆ ಇನ್ನೊಬ್ಬರು ಕಾಲೂರಿ ಹಗ್ಗ ಹಿಡಿದು ನಿಲ್ಲಬೇಕು. ದೂರದ ಊರುಗಳಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಕೂಡಿ ಆಡುವ ಸೌಲಭ್ಯ ಇದರಲ್ಲಿ ಇಲ್ಲ. ಒಂದೇ ಟಿವಿಯ ಮುಂದೆ ಇಬ್ಬರೂ ಕೂರಬೇಕು. ಇದನ್ನು ಓದಿ ಜಗತ್ತಿನ ಹುಡುಗರೆಲ್ಲ ಬೈದರು. ನಾನು ಅಡುಗೆಮನೆಯಲ್ಲಿ ಕುಣಿದೆ.

ಚಳಿಗಾಲ, ಬೇಸಗೆ, ಮಳೆಗಾಲದ ಮೊದಲ ತಿಂಗಳು ಇದರಲ್ಲೇ ಹೋಯಿತು. ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು. ಹಿಂದುಗಡೆ ಒಂದು ಗುಡ್ಡವಿತ್ತು, ಅದರ ತಲೆಯ ಮೇಲೆ ಏನೋ ಬಿಳಿ. ತಮ್ಮ ಅದು ಹಕ್ಕಿ ಅಂದ. ನಾನು ನೀರು ಬೀಳುತ್ತಿದೆ ಅಂದೆ.

"ನೀರಾದ್ರ ಸುರೀಲಿಲ್ಲ ಯಾಕ?" ಎಂದು ನಾನು ರೇಗಿಸಿದರೆ, "ಹಕ್ಕಿ ಆದ್ರ ಹಾರಲಿಲ್ಲ ಯಾಕ?" ಎಂದು ಅವನು. ಯಾರು ಯಾವ ಪಕ್ಷ ಎಂಬುದೇ ಮರೆತು ಜಗಳಾಡುತ್ತಿದ್ದೆವು. ಅವ್ವ ಹೋದ ಮೇಲೆ ಹಬ್ಬಕ್ಕೆ ಒಮ್ಮೆ, ಕಾಯಿಲೆಗೆ ಒಮ್ಮೆ ಬರುತ್ತಿದ್ದ ಫೋನು ಈಗ ವಾರವಾರ ಬರುತ್ತಿತ್ತು. ಮೊದಲು ಯಾವ ಕಡೆ ಹೋಗಬೇಕೆಂದು ವಾದ. ನಾನು ಎಡಕ್ಕೆ ಅನ್ನುತ್ತಿದ್ದೆ. ಅವನು ಕೋಟೆಗೆ. ಕೋಟೆ ಥೇಟ್ ಸವದತ್ತಿಯದರ ಹಾಗಿದೆ, ನಾವು ಚಿಕ್ಕವರಿದ್ದಾಗ ಅಲ್ಲಿ ಗೋಡೆಯಿಂದ ಗೋಡೆಗೆ ಜಿಗಿದದ್ದು ನೆನಪಿದೆಯೇ ಅಂದ. ನೆನಪಿದೆ, ಆದರೆ ಅದು ಕಿತ್ತೂರು. ಸುಟ್ಟ ಅರಮನೆಯ ಅಡಿಪಾಯದ ಮೇಲೆ ಜಿಗಿದೆವು, ಕಾವಲುಗಾರ ಸೀಟಿ ಊದಿದ. ಅವನು ಒಪ್ಪುವುದಿಲ್ಲ. ಅವನ ಮೊಣಕಾಲಿನ ಮೇಲೆ ಗಾಯದ ಗುರುತಿದೆ. ಅದನ್ನು ನೋಡಿದರೆ ಬಿದ್ದದ್ದು ಗೊತ್ತಾಗುತ್ತದೆ, ಊರು ಗೊತ್ತಾಗುವುದಿಲ್ಲ.

ಈ ವಯಸ್ಸಿನಲ್ಲಿ ವಿಡಿಯೋ ಗೇಮಿಗೆ ಕಾಯುವುದನ್ನು ಯಾರಿಗೂ ಹೇಳಬಾರದಿತ್ತು. ನಮ್ಮ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

"ಅದೇನ ಆಟಾನವ್ವಾ, ಅಷ್ಟ ಕಾಯೂವಂಥಾದ್ದು?" ಅತ್ತೆ ಒಂದು ದಿನ ಪಡಸಾಲೆಯಲ್ಲಿ ಎಲ್ಲರೆದುರು ಕೇಳಿದರು.

"ಇಬ್ಬರು ಗುಡ್ಡಾ ಹತ್ತತಾರ್ರಿ ಅತ್ತಿ."

"ಹತ್ತಿ?"

"ಮುಂದ ಮತ್ತೊಂದ ಗುಡ್ಡಾ ಕಾಣತೈತ್ರಿ. ಅದನ್ನ ಹತ್ತತಾರ."

"ಎಲ್ಲಮ್ಮನ ಗುಡ್ಡಕ ಬಾ ಅಂದ್ರ ಮೊಣಕಾಲ ಹಿಡದಾವ ಅಂತಿ."

ಎಲ್ಲರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ.

"ಗೆಲ್ಲಾವ್ರ ಯಾರು?"

"ಗೆಲ್ಲೂದಿಲ್ರಿ ಅದರಾಗ."

"ಸೋಲಾವ್ರು?"

"ಅವ್ರೂ ಇಲ್ರಿ."

"ಹಂಗಂದ್ರ ಅದ ಆಟ ಅಲ್ಲ ಬಿಡು. ಸಂಸಾರ."

ಮತ್ತೆ ನಗು. ನನಗೆ ಮೈ ಉರಿಯಿತು. ಆಟವನ್ನು ಬಾಳಿಗೆ ಹೋಲಿಸುವ ಈ ಚಟ ಅತ್ತೆಯದಷ್ಟೇ ಅಲ್ಲ, ಬರೆಯುವವರದೂ ಹೌದು. ಈ ಬರಹವನ್ನೂ ಆ ಕಡೆ ತಳ್ಳಲು ಅದು ಕಾದು ಕೂತಿದೆ. ತಳ್ಳಲು ಬಿಡುವುದಿಲ್ಲ. ಆಟ ಆಟ. ಅದರಲ್ಲಿ ಹಗ್ಗವೆಂದರೆ ಹಗ್ಗ. ಇನ್ನೊಂದು ಮಾತು: ಪಂಚಮಿಯಲ್ಲಿ ಬೈಲಹೊಂಗಲದ ಮೀಸೆ ಹಣ್ಣಾದ ಗಂಡಸರು ಪಂಥ ಕಟ್ಟಿ ನಿಂಬೆಹಣ್ಣು ಎಸೆಯುತ್ತ ಪಕ್ಕದ ಊರಿನ ತನಕ ಹೋಗುತ್ತಾರೆ, ಕಣ್ಣು ಕಟ್ಟಿಕೊಂಡು ಕಲ್ಲು ಮುಟ್ಟುತ್ತಾರೆ, ಹಿಂದುಮುಂದಾಗಿ ಓಡಿ ಗಟಾರಕ್ಕೆ ಬೀಳುತ್ತಾರೆ. ಅವರನ್ನು ನೋಡಿ ಯಾರೂ ವಯಸ್ಸು ಕೇಳುವುದಿಲ್ಲ. ಹಬ್ಬ ಅನ್ನುತ್ತಾರೆ. ಗುಂಡಿ ಒತ್ತುವ ಪೆಟ್ಟಿಗೆಯೊಂದು ನನ್ನ ಕೈಯಲ್ಲಿದ್ದರೆ ಮಾತ್ರ ನನಗೆ ಬುದ್ಧಿ ಬೆಳೆದಿಲ್ಲ.

ಮುಂದಕ್ಕೆ ಹಾಕಿದ ಪ್ರಕಟಣೆಯನ್ನು ಆಮೇಲೆ ಓದಿದೆ. ಅಷ್ಟು ನಯವಾದ ಬರಹವನ್ನು ನಾನು ಎಂದೂ ಓದಿರಲಿಲ್ಲ. ನಿಮ್ಮ ತಾಳ್ಮೆಗೆ ನಾವು ಋಣಿ ಎಂದಿತ್ತು. ನನ್ನ ಬಳಿ ಇಲ್ಲದ ವಸ್ತುವಿಗೆ ಯಾರು ಹೇಗೆ ಋಣಿಯಾಗುತ್ತಾರೆ? ವರ್ಷದ ಕೊನೆ ಎಂದಿತ್ತು. ವರ್ಷದ ಕೊನೆಯೆಂದರೆ ನಮ್ಮಲ್ಲಿ ಕಬ್ಬು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಶುರುವಾದರೆ ತಮ್ಮ ಮನುಷ್ಯರ ಕೈಗೆ ಸಿಗುವುದಿಲ್ಲ. ಕಡಿಯುವ ಗ್ಯಾಂಗಿನ ಹಿಂದೆ, ಟ್ರ್ಯಾಕ್ಟರಿನ ಹಿಂದೆ, ತೂಕದ ಪಾಳಿಯ ಹಿಂದೆ. ಫೋನ್ ಮಾಡಿ ಅದನ್ನೇ ಕೇಳಿದೆ: "ಆವಾಗ ಹೆಂಗ ಬರತೀಯೋ ಕರಿಯಾಕ?"

"ಹೌದಲ್ಲಾ," ಅಂದ. ಅವನಿಗೆ ಅದು ಹೊಳೆದೇ ಇರಲಿಲ್ಲ. "ಕಬ್ಬ ಕಳಿಸಿದ ಮ್ಯಾಲ ನೋಡೂಣಂತ."

ಆಟ ಮುಂದಕ್ಕೆ, ಕಬ್ಬು ಮುಗಿದ ಮೇಲೆ ಎಂದು ನಾನು ಇನ್ನೂ ಮುಂದಕ್ಕೆ. ಹಬ್ಬದಲ್ಲಿ ಮೊದಲಿನಿಂದಲೂ ಇದ್ದ ನನ್ನ ಜಾಗವನ್ನು ಅವನು ಆಟಕ್ಕೆ ಕಟ್ಟಿದ್ದ. ಆಟ ಸರಿದಾಗ ನನ್ನ ಜಾಗವೂ ಅದರ ಜೊತೆ ಸರಿಯಿತು. ನಾನು ಹೇಳಬೇಕೆಂದಿರುವುದು ಇಷ್ಟೇ. ಇನ್ನುಳಿದದ್ದು ಏನಾಯಿತೆಂಬ ವಿವರ.

ಪಂಚಮಿಯ ದಿನ ರಾಮದುರ್ಗದಲ್ಲೇ ಹಾಲೆರೆದೆ. ನಮ್ಮ ಓಣಿಯ ಹೆಂಗಸರೆಲ್ಲ ನಾಗಪ್ಪನ ಕಲ್ಲಿನ ಸುತ್ತ ಕೂತಿದ್ದರು. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಮನೆಯ ಒಬ್ಬೊಬ್ಬರ ಪಾಲು ಹೇಳಿ ಒಂದೊಂದು ಗುಟುಕು ಎರೆಯಬೇಕು. ದೇವರ ಪಾಲು ಎರೆದೆ. ಅತ್ತೆಯ ಪಾಲು, ಗಂಡನ ಪಾಲು, ಮಗಳ ಪಾಲು. ತವರಿನ ಕಡೆಗೆ ಬಂದೆ. ಅಪ್ಪನ ಪಾಲನ್ನು ಎರೆಯುವುದು ಬಿಟ್ಟು ಬಹಳ ಕಾಲವಾಗಿತ್ತು, ಅವ್ವನದು ಈಚೆಗೆ. ಉಳಿದದ್ದು ಒಂದೇ. ಬಟ್ಟಲು ಕೆಳಗಿಟ್ಟು ಎದ್ದೆ.

"ತಮ್ಮನ ಪಾಲ ಬಿಟ್ಟೀ ನೋಡು," ಅಂದರು ಅತ್ತೆ.

"ಬಿಟ್ಟಿಲ್ರಿ. ಮುಂದಕ್ಕ ಹಾಕೇನಿ."

"ಏನಂದಿ?"

"ಈ ವರ್ಷ ಕಡೀತನಾ ಮುಂದಕ್ಕ ಹಾಕೇನ್ರಿ. ಇನ್ನೂ ಛಂದ ಮಾಡಿ ಎರೀಬೇಕು."

ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆ ನಗಲಿಲ್ಲ. ಅವರ ಮುಖ ನಿಜವಾಗಿಯೂ ಬಣ್ಣಗೆಟ್ಟಿತು. ಎರೆಯದೆ ಉಳಿದ ಪಾಲು ಎಂಬುದು ಅವರ ಕಿವಿ ಎಂದೂ ಕೇಳದ ಮಾತು. ಈಗ ಎರೆಯುತ್ತೇನೆ ಎಂದು ನಾನು ಬಗ್ಗಿದರೆ ಕೈ ಹಿಡಿದರು. ಬಾಯಿಂದ ಹಾಗೆ ಅಂದ ಮೇಲೆ, ಆ ಸಿಟ್ಟಿನಲ್ಲಿ, ಇದೇ ಕಲ್ಲಿಗೆ ಎರೆಯಬಾರದಂತೆ. ಇಂಥ ನಿಯಮ ಇದೆಯೋ ಅಥವಾ ಅಲ್ಲೇ ನಿಂತು ಕಟ್ಟಿದರೋ ನನಗೆ ಇಂದಿಗೂ ಗೊತ್ತಿಲ್ಲ. ಅದರ ಹಿಂದಿನ ದಿನದವರೆಗೂ ಅವರು ಹೇಳುತ್ತಿದ್ದದ್ದು, ಕರೆಯಲು ಬಾರದ ಮನೆಗೆ ಸೊಸೆ ಹೋದರೆ ನಮ್ಮ ಮನೆಯ ಮರ್ಯಾದೆ ಏನಾಗಬೇಕು ಎಂದು.

"ಹೋಗು," ಅಂದರು. "ಅಂವನ ಮನ್ಯಾಗ, ಅಂವನ ಎದುರಿಗೆ ಎರದ ಬಾ."

"ಕರಿಯಾಕ ಬಂದಿಲ್ಲಲ್ರಿ ಅತ್ತಿ."

"ನೀ ತವರಿಗೆ ಹೊಂಟಿಲ್ಲ. ಹಾಲ ಎರಿಯಾಕ ಹೊಂಟೀ. ಯಾರರ ಕೇಳಿದ್ರ ಹಂಗ ಹೇಳು. ಆ ಬಟ್ಟಲ ಚೀಲದಾಗ ಹಾಕ್ಕೋ, ಕೇಳಿದ್ರ ತೋರ್ಸಾಕ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಸೀಟಿನಲ್ಲಿ, ಅವರನ್ನು ಕರೆಯಲು ಬಂದ ಅಣ್ಣತಮ್ಮಂದಿರು ಪಕ್ಕದಲ್ಲಿ ಚೀಲ ಹಿಡಿದು ಜೋತುಬಿದ್ದಿದ್ದರು. ನನ್ನ ಪಕ್ಕದ ಅಜ್ಜಿ ಸುತ್ತ ನೋಡಿ, ನನ್ನ ಚೀಲ ನನ್ನ ತೊಡೆಯ ಮೇಲೆಯೇ ಇರುವುದನ್ನು ಗಮನಿಸಿ ಕೇಳಿದಳು: "ನಿನ್ನ ಕರಿಯಾಕ ಯಾರೂ ಬಂದಿಲ್ಲೇನ ಯವ್ವಾ?"

"ಇಲ್ಲಬೇ. ಹಾಲ ಎರಿಯಾಕ ಹೊಂಟೇನಿ."

"ತವರಮನಿಗೇ?"

"ಹೂಂ."

"ಹಂಗಾರ ತವರಿಗೇ ಹೊಂಟೀ ಬಿಡು," ಎಂದು ಅಜ್ಜಿ ನನ್ನ ಕೈಮೇಲೆ ಒಂದು ಎಳ್ಳುಂಡಿ ಇಟ್ಟಳು. ಅತ್ತೆಯ ಉಪಾಯ ಹಾದಿಯಲ್ಲಿ ಸಿಗುವ ಕಟಕೋಳವನ್ನೂ ದಾಟಲಿಲ್ಲ.

ಮನೋಳಿ ದಾಟಿ ನವಿಲುತೀರ್ಥದ ಹತ್ತಿರ ಬಂದಾಗ ಕಿಟಕಿಯಲ್ಲಿ ಅಣೆಕಟ್ಟು, ಎರಡು ಗುಡ್ಡದ ನಡುವೆ. ಟ್ರೇಲರ್ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿದೆ. ಈ ಬಂಡೆಯಿಂದ ಆ ಬಂಡೆಗೆ ಜಿಗಿಯಬಹುದು, ಅಲ್ಲಿ ಒಬ್ಬರು ಕಾಲೂರಿ ನಿಂತರೆ ಇನ್ನೊಬ್ಬರು ಹಗ್ಗ ಹಿಡಿದು ಕೆಳಗಿಳಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿದೆ. ಊರು ಬಿಡುವಾಗ ಕೋಟೆಯ ಗೋಡೆ ಕಂಡಿತು. ಜಿಗಿದದ್ದು ಇಲ್ಲೇ ಇರಬಹುದೇ ಎಂದು ಬಗ್ಗಿ ನೋಡಿದೆ. ಗೋಡೆ ಎಲ್ಲ ಗೋಡೆಗಳ ಹಾಗಿತ್ತು. ಇಲ್ಲಿ ಏನಾದರೂ ನೆನಪಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ನೆನಪಾಗಲಿಲ್ಲ.

ಬೈಲಹೊಂಗಲದ ಮನೆಯ ಹಿತ್ತಲಲ್ಲಿ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ, ನನ್ನ ತಮ್ಮ ನಿಂತಿದ್ದ. ತಲೆ ಅರ್ಧ ಬೆಳ್ಳಗಾದ ಮನುಷ್ಯ, ಧೋತರ ಕಚ್ಚೆ ಹಾಕಿ, ಎರಡೂ ಹಗ್ಗ ಹಿಡಿದು ಜೀಕುತ್ತಿದ್ದ. ಓಣಿಯವರು ಸುತ್ತ ನಿಂತು ಕೇಕೆ ಹಾಕುತ್ತಿದ್ದರು. ಅವನ ಹೆಂಡತಿ ನನ್ನನ್ನು ಮೊದಲು ನೋಡಿದಳು. "ಅಕ್ಕಾರ! ಬರ್ರಿ, ಬರ್ರಿ! ಕರಿಯಾಕ ಹೋಗಿಲ್ಲಂತ ನಿನ್ನಿಯಿಂದ ಬೈಯಾಕ್ಹತ್ತೇನ್ರಿ ಇವರಿಗೆ."

ಅವನು ಮೇಲಿನಿಂದ ನೋಡಿದ. ಜೋಕಾಲಿ ನಿಲ್ಲುವ ಮುಂಚೆಯೇ ಜಿಗಿದ, ಮುಗ್ಗರಿಸಿದ, ಎದ್ದ. ಬಾಯಿಂದ ಬಂದ ಮೊದಲ ಮಾತು ಇದು:

"ಅಕ್ಕಾ? ಆಟ ಬಂದಿಲ್ಲಲ್ಲ!"

ಓಣಿಯೆಲ್ಲ ಕೇಳುವಂತೆ ನಾನು ಕೂಗಿದೆ. "ಹಬ್ಬ ಬಂದೈತಿಲ್ಲೋ?"

"ಬಂದೈತಿ."

"ಮತ್ತ? ಹಬ್ಬಕ್ಕಿಂತಾ ಆಟ ದೊಡ್ಡದಾತೇನ ನಿನಗ?"

"ನನಗಲ್ಲ, ನಿನಗ! ನೀನ ಅಂದಿದ್ದಿ, ಆಟ ಬಂದ್ರ ಬರತೇನಿ ಅಂತ."

"ಯಾವಾಗ ಅಂದೇನಿ?"

"ಫೋನಿನ್ಯಾಗ ಅಂದೀ. ಬಸ್ಸಿನ ಮಾತಿಗೆ ಸಿಟ್ಟಾಗಿ ಬರೂದ ಬಿಟ್ಟಿದ್ದಿಯಲ್ಲಾ, ಏನ ತೋರ್ಸಿದ್ರ ಬಂದೀತು ಇದು ಅಂತ ಹುಡುಕಿ ಹುಡುಕಿ ಆ ಆಟ ತಗದೇನಿ ನಾ. ನನಗೇನ ಹುಚ್ಚ ಹಿಡದಿತ್ತೇನ ಈ ವಯಸ್ಸಿನ್ಯಾಗ?"

ಇದು ಬಹಳ ಅಚ್ಚುಕಟ್ಟಾದ ಮಾತು. ಅವನು ನನಗಾಗಿ ಆಟ ಹುಡುಕಿದ, ನಾನು ಅವನಿಗಾಗಿ ಆಟಕ್ಕೆ ಕಾದೆ, ಇಬ್ಬರಿಗೂ ಆಟ ಬೇಕಿರಲಿಲ್ಲ: ಹೀಗೆ ಮುಗಿಸಿದರೆ ಎಲ್ಲರ ಕಣ್ಣೂ ಒದ್ದೆಯಾಗುತ್ತದೆ. ಸುಳ್ಳು. ಅವನಿಗೂ ಆಟ ಬೇಕಿತ್ತು. ಕೋಟೆಯ ಮಾತು ಬಂದಾಗ ಅವನ ದನಿ ನಾನು ಕೇಳಿದ್ದೇನೆ. ನನಗೂ ಬೇಕಿತ್ತು. ಆ ಗುಡ್ಡ ಬೇಕಿತ್ತು, ಅದರ ಮೇಲಿನ ಬಿಳಿ ಬೇಕಿತ್ತು, ಎಡಕ್ಕೆ ಹೋಗುವುದು ಬೇಕಿತ್ತು. ಅದಲ್ಲದೆ ಅವನು ಬಂದು ನಮ್ಮ ಪಡಸಾಲೆಯಲ್ಲಿ ಕೂತು ಎರಡು ಸಲ ಕೇಳುವುದೂ ಬೇಕಿತ್ತು. ಒಂದು ಬೇಕಾದರೆ ಇನ್ನೊಂದು ನೆಪ ಎಂದು ಯಾಕೆ ಅನ್ನಬೇಕು?

"ಆಟ ಹುಡುಕಾಕ ಬರತೈತಿ ನಿನಗ," ಅಂದೆ. "ರಾಮದುರ್ಗದ ದಾರಿ ಹುಡುಕಾಕ ಬರೂದಿಲ್ಲ."

ಅವನ ಹೆಂಡತಿ, "ಹೇಳ್ರಿ ಅಕ್ಕಾರ, ಇನ್ನೂ ಹೇಳ್ರಿ," ಎಂದು ಗಟ್ಟಿಯಾಗಿಯೇ ಅಂದಳು.

ದೇವರಕೋಣೆಯಲ್ಲಿ ಮಣ್ಣಿನ ನಾಗಪ್ಪ ಇತ್ತು. ಚೀಲದಿಂದ ಬಟ್ಟಲು ತೆಗೆದು ಹಾಲು ಕೇಳಿದೆ. ಅವನನ್ನು ಎದುರಿಗೆ ನಿಲ್ಲಿಸಿ "ತಮ್ಮನ ಪಾಲು" ಎಂದು ಎರೆದೆ. ಬೈಗುಳದ ದನಿಯಲ್ಲಿ ಹೇಳಿದ್ದರಿಂದಲೋ ಏನೋ ಕೈ ತಪ್ಪಿ ಅರ್ಧ ಹಾಲು ಅವನ ಪಾದದ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ, ಏನೂ ಆಗದವನಂತೆ ಬಂದು ಪಕ್ಕದಲ್ಲಿ ಕೂತು, ಆಟದವರು ಹೊಸದೊಂದು ವಿಡಿಯೋ ಬಿಟ್ಟಿದ್ದಾರೆ ಎಂದು ಟಿವಿಗೆ ಹಾಕಿದ. ಕಾಯುವವರ ಬಾಯಿಗೆ ಬೆಲ್ಲ ಇಡಲು ಬಿಟ್ಟದ್ದು. ಅದೇ ಬಯಲು, ಅದೇ ಕೋಟೆ. ಹಿಂದುಗಡೆ ನೀರು. ಬರೀ ನೀರು.

"ನಿಲ್ಸು," ಅಂದೆ. "ಗುಡ್ಡ ಎಲ್ಲೈತೋ?"

ಅವನು ನಿಲ್ಲಿಸಿದ, ಹಿಂದೆ ಹೋದ, ಮುಂದೆ ಬಂದ. "ಇಲ್ಲಕ್ಕ."

"ತಗದಾರ!"

"ತಗದ್ರಲ್ಲಾ, ಇವರ ಕೈ ಸೇದಿ ಹೋಗ್ಲಿ! ಅದರ ಮ್ಯಾಗಿನ ಹಕ್ಕಿ?"

"ನೀರೋ ಅದು!"

"ಏನರ ಇರಲಿ, ತಗೀಬಾರ್ದಿತ್ತು!"

"ಇದ ಏನ ಛಂದ ಮಾಡೂದು ಇವರದು? ಇದ್ದದ್ದ ತಗಿಯೂದೇನ?"

ಆ ಕಂಪನಿಯವರನ್ನು, ಅವರ ನಯದ ಮಾತನ್ನು, ಅವರ ಸಮುದ್ರವನ್ನು, ನಮಗೆ ಗೊತ್ತಿರುವ ಎಲ್ಲ ಶಬ್ದಗಳಿಂದ ಇಬ್ಬರೂ ಬೈದೆವು. ಕೆಲವು ಅವ್ವನ ಶಬ್ದಗಳು. ಅವನ ಬಾಯಲ್ಲಿ ಅವು ಇನ್ನೂ ಇವೆ ಎಂದು ನನಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಬಾಗಿಲಲ್ಲಿ ನಿಂತು, ಜಗಳ ಮತ್ತೆ ಹತ್ತಿತೆಂದು ತಿಳಿದು, ನಮ್ಮಿಬ್ಬರ ನಡುವೆ ಉಂಡಿಯ ತಟ್ಟೆ ಇಟ್ಟುಹೋದಳು. ಹಬ್ಬದಲ್ಲಿ ನನಗೆ ಸುಖವಾದ ಹೊತ್ತೆಂದರೆ ಅದು. ಅದರಿಂದ ಸಿಟ್ಟು ಇಳಿಯಿತೆಂದು ಯಾರೂ ತಿಳಿಯಬಾರದು.

ಮರುದಿನ ಹೊರಟೆ. ಅವನು ಗಾಡಿಯ ಚಾವಿ ಹಿಡಿದು ಬಂದ. "ನಡಿ, ಬಿಟ್ಟ ಬರತೇನಿ."

"ಬಿಡಾಕ ಬರಬ್ಯಾಡ. ಕರಿಯಾಕ ಬಾ."

"ಬರತೇನಿ ಅಂದೇನಲ್ಲ. ಆಟ ಬರ್ಲಿ, ಮೊದಲ ನಾನ..."

"ಆಟ ಬರ್ಲಿ ಬಿಡ್ಲಿ."

ಅವನ ಹೆಂಡತಿ ಕುಬಸದ ಖಣ ಕೊಟ್ಟು, ಉಡಿ ತುಂಬಿ, ಉಂಡಿಯ ಬುತ್ತಿ ಕಟ್ಟಲು ಒಳಗೆ ಹೋದಳು. ಅವನು ಚಾವಿ ಇಡಲು ಹೋದ. ಟಿವಿಯ ಕೆಳಗೆ ಯಂತ್ರದ ಪಕ್ಕ ಎರಡು ಕಂಟ್ರೋಲರ್‌ಗಳಿದ್ದವು, ಒಂದರ ಮೇಲೊಂದು. ಒಂದನ್ನು ಒಯ್ದರೆ ಅವನು ಒಬ್ಬನೇ ಆಡಬಹುದು. ಎರಡನ್ನೂ ತೆಗೆದು ಖಣದಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟೆ. ಮೇಲೆ ಬುತ್ತಿ ಬಂತು.

ರಾಮದುರ್ಗದಲ್ಲಿ ಚೀಲ ಬಿಚ್ಚಿದವರು ಅತ್ತೆ. ತವರಿನಿಂದ ಏನು ಕೊಟ್ಟಿದ್ದಾರೆಂದು ನೋಡುವುದು ಅವರ ಹಕ್ಕು. ಶೇಂಗಾ ಉಂಡಿ ತೆಗೆದರು, ರವೆ ಉಂಡಿ ತೆಗೆದರು, ಖಣ ಬಿಚ್ಚಿದರು.

"ಇದೇನಿದು?"

"ರಿಮೋಟ್ರಿ. ಆಟದ್ದು."

ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಒಂದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. "ಕೊಟ್ಟನೋ, ತಂದೆಯೋ?"

"ತಂದೇನ್ರಿ."

"ಎರಡೂ?"

"ಎರಡೂ."

ಅತ್ತೆ ಅವನ್ನು ಮತ್ತೆ ಖಣದಲ್ಲಿ ಸುತ್ತಿ, ತಮ್ಮ ಟ್ರಂಕಿನಲ್ಲಿಟ್ಟು, ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕೆಲವು ದಿನ ಬಿಟ್ಟು ತಮ್ಮನ ಫೋನು ಬಂತು. "ಅಕ್ಕಾ, ರಿಮೋಟ್ ಒಯ್ದೀ?"

"ಒಯ್ದೇನಿ."

"ನಾ ಬ್ಯಾರೆ ತರಿಸಿದ್ರ?"

"ತರಿಸು."

ಅವನ ಕಡೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

"ನಿಮ್ಮತ್ತಿ ಏನಂದ್ರು?"

"ಟ್ರಂಕಿನ್ಯಾಗ ಇಟ್ಟ ಕೀಲಿ ಹಾಕ್ಯಾರ. ಬಂದ ಕೇಳಬೇಕಂತ. ಎರಡ ಸಲ."

ಇದನ್ನು ಬರೆಯುವ ಹೊತ್ತಿಗೆ ಕಬ್ಬು ಕಡಿಯಲು ಶುರುವಾಗಿದೆ. ಆಟದವರು ವರ್ಷದ ಕೊನೆ ಎಂದಿದ್ದನ್ನೂ ಅಳಿಸಿ, ಸಿದ್ಧವಾದಾಗ ಎಂದು ಬರೆದಿದ್ದಾರೆ. ತಮ್ಮ ಬೇರೆ ರಿಮೋಟ್ ತರಿಸಿದನೋ ಇಲ್ಲವೋ ನಾನು ಕೇಳಿಲ್ಲ, ಅವನು ಹೇಳಿಲ್ಲ. ಪ್ರತಿ ಸೋಮವಾರ ಅತ್ತೆ ಟ್ರಂಕಿನ ಕೀಲಿ ತೆಗೆದು ಎರಡನ್ನೂ ನನ್ನ ಕೈಗೆ ಕೊಡುತ್ತಾರೆ. ಹಾಗೇ ಬಿಟ್ಟರೆ ಬ್ಯಾಟರಿ ಸಾಯುತ್ತದೆ ಎಂದು ನಾನೇ ಹೇಳಿದ್ದೆ. ನಾನು ಅವನ್ನು ಪಡಸಾಲೆಯಲ್ಲಿ, ಬಂದವರು ಕೂರುವ ಜಾಗದ ಪಕ್ಕ, ಚಾರ್ಜಿಗೆ ಹಚ್ಚುತ್ತೇನೆ.